ಬಿಳಿಗಿರಿಯ ಪೋಡುಗಳಲ್ಲಿ

ಚಾಮರಾಜನಗರ ಜಿಲ್ಲೆಯ ಯಳಂದೂರಿನ ಬಯಲನ್ನು ದಾಟಿ ಮುಂದೆ ಸಾಗಿದರೆ ದಾರಿ ಮೆಲ್ಲಮೆಲ್ಲನೆ ಏರತೊಡಗುತ್ತದೆ. ಕಬ್ಬು, ಬತ್ತಗಳ ಗದ್ದೆಗಳು ಹಿಂದುಳಿದು ಮೊದಲು ಕುರುಚಲು ಕಾಡು, ಅನಂತರ ಎಲೆಯುದುರುವ ಮರಗಳ ಕಾಡು, ಇನ್ನೂ ಎತ್ತರದಲ್ಲಿ ಹುಲ್ಲುಗಾವಲು, ಅವುಗಳ ಮಡಿಲಿನಲ್ಲಿ ಸದಾ ಹಸುರಾಗಿರುವ ಶೋಲೆಗಳು ಕಾಣಿಸಿಕೊಳ್ಳುತ್ತವೆ. ಇದೇ ಬಿಳಿಗಿರಿರಂಗನ ಬೆಟ್ಟ. ಪಶ್ಚಿಮ ಘಟ್ಟಗಳೂ ಪೂರ್ವ ಘಟ್ಟಗಳೂ ಒಂದನ್ನೊಂದು ಸಂಧಿಸುವ ಎಡೆಯಲ್ಲಿರುವುದರಿಂದ ಎರಡು ಕಡೆಯ ಗಿಡಮರಗಳೂ ಪ್ರಾಣಿಗಳೂ ಇಲ್ಲಿ ನೆಲೆಸಿವೆ. ಆನೆ, ಹುಲಿ, ಕರಡಿ, ಕಾಟಿಗಳು ಇಲ್ಲಿ ಅಪರೂಪವಲ್ಲ. ಕಡಿದಾದ ಬೆಳ್ಳನೆಯ ಬಂಡೆಯೊಂದರ ನೆತ್ತಿಯ ಮೇಲೆ ರಂಗನಾಥನ ಗುಡಿಯಿದೆ. ಯಾತ್ರಿಕರು ಬೆಟ್ಟವನ್ನು ಏರುವುದು ಈ ಗುಡಿಗಾಗಿ. ಆದರೆ ಗುಡಿಯ ಸುತ್ತಣ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿ ಬಂದ ಜನರೊಬ್ಬರಿದ್ದಾರೆಂಬುದನ್ನು ಬಹುಮಂದಿ ಯಾತ್ರಿಕರು ಗಮನಿಸುವುದೇ ಇಲ್ಲ.

ಆ ಜನರೇ ಸೋಲಿಗರು. ಅವರ ಊರಿಗೆ ಪೋಡು ಎಂದು ಹೆಸರು. ಕೆಲವು ಗುಡಿಸಲುಗಳು, ಒಂದು ನೀರಿನ ತಾಣ, ಸುತ್ತ ರಾಗಿ, ಅವರೆ, ಸಾಸಿವೆ, ಮೆಕ್ಕೆಜೋಳಗಳ ತುಂಡು ಹೊಲ, ಅದರಾಚೆಗೆ ಕಾಡು, ಪೋಡೆಂದರೆ ಇಷ್ಟೆ. ಹಿಂದೆ ಅವರು ಒಂದು ಎಡೆಯಲ್ಲಿ ಕೆಲವು ವರ್ಷ ಬೆಳೆ ತೆಗೆದು, ಆ ನೆಲವನ್ನು ಕಾಡಿಗೆ ಬಿಟ್ಟು ಮತ್ತೊಂದು ಎಡೆಗೆ ಹೋಗುತ್ತಿದ್ದರು. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಮರದ ಪಾಚಿ ಮುಂತಾದುವನ್ನು ಕಾಡಿನಿಂದ ತರುತ್ತಿದ್ದರು. ಬೆಟ್ಟದ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬುದು ಅವರ ನಂಬಿಕೆ. ಆದುದರಿಂದ ಅವನು ಅವರಿಗೆ ದೇವರಷ್ಟೇ ಅಲ್ಲ, ಬಾವನೂ ಹೌದು. ಬಾವನೊಡನೆ ಇರಬೇಕಾದ ಸಲಿಗೆ ಅವರ ಹಾಡುಗಳಲ್ಲಿಯೂ ಮಾತಿನಲ್ಲಿಯೂ ಕಾಣುತ್ತದೆ. ಭಾರ್ಗವಿ ಹೊಳೆಯ ದಡದಲ್ಲಿ ನೂರಾರು ವರ್ಷಗಳಿಂದ ನಿಂತಿರುವ ದೊಡ್ಡ ಸಂಪಿಗೆಯ ಮರವನ್ನು ಅವರು ದೇವರೆಂದೇ ಪೂಜಿಸುತ್ತಾರೆ.

ಗಿರಿಜನರೆಂದ ಮಾತ್ರಕ್ಕೆ ಎಲ್ಲರೂ ಒಂದೇ ಬಗೆಯವರೆಂದು ಭಾವಿಸುವುದು ತಪ್ಪು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರುಗಳ ಬಯಲುಸೀಮೆಯಲ್ಲಿ ಹಟ್ಟಿ ಕಟ್ಟಿಕೊಂಡು, ದೇವರ ಎತ್ತುಗಳನ್ನು ಸಾಕಿ, ಕೋಳಿಯನ್ನು ಮುಟ್ಟದ ಮ್ಯಾಸಬೇಡರ ಬದುಕೇ ಬೇರೆ. ಮಳೆ ಬೀಳುವ ಬೆಟ್ಟದಲ್ಲಿ ಜೇನು ಕೊಯ್ಯುವ ಸೋಲಿಗರ ಬದುಕೇ ಬೇರೆ. ಒಬ್ಬರಿಗೆ ದನದ ಹಿಂಡು, ಇನ್ನೊಬ್ಬರಿಗೆ ಕಾಡು. ಆದರೂ ಜಗಳೂರು ಸೀಮೆಯ ಹುಡುಗನೊಬ್ಬನು ಬಿಳಿಗಿರಿಯ ಪೋಡಿಗೆ ಹೋದರೆ ಅವನಿಗೆ ಪರಿಚಿತವೆನಿಸುವ ಸಂಗತಿಯೊಂದಿದೆ. ಅದು ಶಾಲೆ, ಆಸ್ಪತ್ರೆ, ಕಚೇರಿಗಳೆಲ್ಲ ದೂರದಲ್ಲಿವೆ ಎಂಬ ಭಾವನೆ. ಆ ದೂರವನ್ನು ತಗ್ಗಿಸುವುದಕ್ಕಾಗಿ ಕೆಲವರು ತರುಣರು ಬೆಟ್ಟವನ್ನು ಏರಿ ಬಂದರು. ಅವರ ಕಾರ್ಯವೂ, ಆ ಕಾರ್ಯದಲ್ಲಿ ಅವರು ತಾವೇ ಕಲಿತ ಪಾಠಗಳೂ ತಿಳಿಯತಕ್ಕವು.

ಬೆಂಗಳೂರಿನ ಸಮೀಪದ ಯಮಲೂರಿನಲ್ಲಿ 1950ರಲ್ಲಿ ಜನಿಸಿದ ಎಚ್. ಸುದರ್ಶನರು ಹನ್ನೆರಡು ವರ್ಷದ ಬಾಲಕರಾಗಿದ್ದಾಗ ಅವರ ತಂದೆ ಸಕಾಲದಲ್ಲಿ ವೈದ್ಯರ ನೆರವು ದೊರೆಯದೆ ತೀರಿಕೊಂಡರು. ತಾನು ವೈದ್ಯನಾಗಬೇಕು, ವೈದ್ಯರಿಲ್ಲದ ಕಡೆಗೇ ಹೋಗಬೇಕು ಎಂಬ ಹಂಬಲ ಆ ದಿನಗಳಲ್ಲಿ ಅವರಲ್ಲಿ ಮೂಡಿತು. ಯೂರೋಪಿನಲ್ಲಿ ವಿದ್ವಾಂಸರೆಂದೂ ಸಂಗೀತಗಾರರೆಂದೂ ಕೀರ್ತಿವಂತರಾಗಿದ್ದು, 1913ರಲ್ಲಿ ಆಫ್ರಿಕದ ಲಂಬರೆನೆಯೆಂಬಲ್ಲಿಗೆ ಹೋಗಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಷ್ವೈಟ್ಸರ್ ಅವರ ಜೀವನಚರಿತ್ರೆ ಅವರ ಮನಸ್ಸನ್ನು ಸೆಳೆಯಿತು. ವಿವೇಕಾನಂದರ ವಿಚಾರಗಳು ಆ ಹಂಬಲಕ್ಕೆ ಬಲ ಕೊಟ್ಟವು. 1973ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಅವರು ನಗರದಲ್ಲಿ ಚಿಕಿತ್ಸಾಲಯ ತೆರೆಯಲಿಲ್ಲ. ರಾಮಕೃಷ್ಣ ಮಿಷನ್ನಿನ ಆರೋಗ್ಯ ಕೇಂದ್ರಗಳಲ್ಲಿ, ಹಿಮಾಲಯದ ಮಡಿಲಿನಲ್ಲಿಯೂ ಕೊಡಗಿನ ಪೊನ್ನಂಪೇಟೆಯಲ್ಲಿಯೂ ಸೇವೆ ಸಲ್ಲಿಸಿ, 1980ರ ಸುಮಾರಿಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ಸೇರಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಅಸ್ತಿತ್ವಕ್ಕೆ ಬಂದಿತು.

ಹೆಸರು ದೊಡ್ಡದು, ಆಗ ಇದ್ದುದು ಒಂದು ಗುಡಿಸಲು. ವೈದ್ಯರು ಬಂದರೆಂದು ಸೋಲಿಗರು ಓಡೋಡಿ ಬಂದು ನೆರೆಯಲಿಲ್ಲ. ಅಪರಿಚಿತರನ್ನು ಕಂಡು ಮರೆಯಾಗುತ್ತಿದ್ದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಲ್ಲಿಯವರೆಗೆ ಹೊರಗಿನಿಂದ ಬೆಟ್ಟಕ್ಕೆ ಬಂದವರಲ್ಲಿ ಹೆಚ್ಚಿನವರು ಏನನ್ನಾದರೂ ಕೊಂಡೊಯ್ಯಲು, ಇಲ್ಲವೇ ಏನನ್ನಾದರೂ ನಿಷೇಧಿಸಲು ಬಂದವರೇ ಆಗಿದ್ದರು. 1974ರಲ್ಲಿ ಈ ಪ್ರದೇಶ ವನ್ಯಜೀವಿಧಾಮವಾದ ಮೇಲೆ ಬೇಟೆಗೂ ಸ್ಥಳ ಬದಲಿಸುವ ಬೇಸಾಯಕ್ಕೂ ತಡೆ ಬಿದ್ದಿತು. ಕಾಡಿನ ಒಳಗಣ ಎಷ್ಟೋ ಪೋಡುಗಳ ಜನ ರಸ್ತೆಯ ಅಂಚಿನ ಕಾಲೊನಿಗಳಲ್ಲಿ ನೆಲೆಸಬೇಕಾಯಿತು. ಇಂಥವರ ನಡುವೆ ನಂಬಿಕೆ ಹುಟ್ಟುವುದು ಭಾಷಣದಿಂದಲ್ಲ. ಕರಡಿಯ ಪಂಜಕ್ಕೆ ಸಿಕ್ಕಿ ಮುಖ ಹರಿದುಕೊಂಡವರ ಗಾಯವನ್ನು ಹೊಲಿದು, ಹಾವು ಕಚ್ಚಿದವರ ಬಳಿ ಇರುಳೆಲ್ಲ ಕುಳಿತು, ಪೋಡಿನಿಂದ ಪೋಡಿಗೆ ಕಾಲ್ನಡಿಗೆಯಲ್ಲಿ ಅಲೆದ ಮೇಲೆ ಸೋಲಿಗರು ತಾವಾಗಿಯೇ ಗುಡಿಸಲಿನ ಬಾಗಿಲಿಗೆ ಬರತೊಡಗಿದರು.

ರೋಗಕ್ಕೆ ಔಷಧ ಕೊಡುತ್ತ ಹೋದಂತೆ ವೈದ್ಯರಿಗೆ ಒಂದು ವಿಷಯ ಸ್ಪಷ್ಟವಾಯಿತು. ಗುಣವಾಗಿ ಹೋದ ರೋಗಿ ಅದೇ ಹಸಿವಿಗೆ, ಅದೇ ಸಾಲಕ್ಕೆ, ಅದೇ ಅಂಜಿಕೆಗೆ ಹಿಂದಿರುಗುತ್ತಿದ್ದನು. ಕಾಡಿನ ಉತ್ಪನ್ನದ ತೂಕವನ್ನು ತಿಳಿಯದವನಿಗೆ, ಹೆಬ್ಬೆಟ್ಟೊತ್ತಿದ ಕಾಗದದಲ್ಲಿ ಏನಿದೆಯೆಂದು ಓದಲಾರದವನಿಗೆ ಮಾತ್ರೆಯೊಂದರಿಂದ ಏನಾದೀತು? ಹೀಗೆ ಆಸ್ಪತ್ರೆಯ ಬೆನ್ನಿಗೇ ಶಾಲೆ ಹುಟ್ಟಿಕೊಂಡಿತು. ಕೆಲವೇ ಮಕ್ಕಳು, ಒಂದು ಗುಡಿಸಲು, ಪಾಠ ಹೇಳಲು ಬಂದ ಉತ್ಸಾಹಿ ತರುಣರು.

ಆ ತರುಣರಲ್ಲಿ ವೈದ್ಯರಿದ್ದರು, ಪದವೀಧರರಿದ್ದರು, ರಜೆಯ ಕಾಲದಲ್ಲಿ ಬಂದು ಹೋಗುವ ವಿದ್ಯಾರ್ಥಿಗಳಿದ್ದರು. ಒಳ್ಳೆಯ ಮನಸ್ಸು ಎಲ್ಲರಲ್ಲಿಯೂ ಇತ್ತು. ಆದರೆ ಒಳ್ಳೆಯ ಮನಸ್ಸೊಂದೇ ಪಾಠ ಹೇಳಲಾರದು. ಸೋಲಿಗರ ನುಡಿ ಕನ್ನಡಕ್ಕೆ ತೀರ ಹತ್ತಿರವಾದುದು; ಹತ್ತಿರವಾದುದರಿಂದಲೇ ತೊಡಕು ಹೆಚ್ಚು. ಪೂರ್ತಿ ಬೇರೆಯ ಭಾಷೆಯಾಗಿದ್ದರೆ ಮಗುವಿಗೆ ಅರ್ಥವಾಗಲಿಲ್ಲವೆಂದು ಗುರುಗಳಿಗೆ ಒಡನೆಯೇ ತಿಳಿಯುತ್ತಿತ್ತು. ಇಲ್ಲಿ ಹಾಗಲ್ಲ. ಮಗು ತಲೆಯಾಡಿಸುತ್ತದೆ, ಗುರುಗಳು ಮುಂದಿನ ಪುಟಕ್ಕೆ ಹೋಗುತ್ತಾರೆ, ಪುಸ್ತಕದ ಮಾತು ಮಾತ್ರ ಹೊರಗೇ ಉಳಿಯುತ್ತದೆ. ಪಾಠದಲ್ಲಿ ರೈಲುಗಾಡಿ ಬಂದರೆ, ಕಡಲು ಬಂದರೆ, ಕಾಣದ ಮಗುವಿಗೆ ಅದು ಬರಿಯ ಶಬ್ದ. ಅದೇ ಮಗುವನ್ನು ಕಾಡಿಗೆ ಕರೆದೊಯ್ದರೆ ಮಾತು ತಿರುಗುಮುರುಗಾಗುತ್ತದೆ. ಈ ಸೊಪ್ಪು ತಿನ್ನತಕ್ಕದ್ದು, ಈ ಗೆಡ್ಡೆ ಸುಟ್ಟರೆ ಮಾತ್ರ ರುಚಿ, ಈ ಹೆಜ್ಜೆ ಇರುಳಿನದು, ಇದು ಬೆಳಗಿನ ಜಾವದ್ದು ಎಂದು ಹತ್ತು ವರ್ಷದ ಹುಡುಗ ಹೇಳುವಾಗ ಪದವೀಧರನೇ ತಲೆಯಾಡಿಸುತ್ತ ನಿಲ್ಲಬೇಕಾಗುತ್ತದೆ.

ಹಾಜರಿಯ ಪ್ರಶ್ನೆಯೂ ಇತ್ತು. ಜೇನಿನ ಕಾಲ ಬಂದಿತೆಂದರೆ, ನೆಲ್ಲಿ ಹಣ್ಣಾಯಿತೆಂದರೆ ಮನೆಯವರೆಲ್ಲ ಕಾಡಿಗೆ ಹೋಗುವರು; ಮಕ್ಕಳೂ ಹೋಗುವರು. ರಾಗಿಯ ಹೊಲಕ್ಕೆ ಆನೆ ಬರುವ ಕಾಲದಲ್ಲಿ ಅಟ್ಟಣೆಯ ಮೇಲೆ ಇರುಳೆಲ್ಲ ಕಾವಲು ಕಾಯ್ದ ಹುಡುಗನು ಮರುದಿನ ಶಾಲೆಯಲ್ಲಿ ತೂಕಡಿಸಿದರೆ ಅವನನ್ನು ಸೋಮಾರಿಯೆಂದು ಕರೆಯುವುದು ನ್ಯಾಯವೇ? ಒಂದು ಪೋಡಿನಿಂದ ಇನ್ನೊಂದು ಪೋಡಿಗೆ ನಡುವೆ ಆನೆಯ ದಾರಿ. ದಿನವೂ ಮಕ್ಕಳು ಒಂಟಿಯಾಗಿ ನಡೆದು ಬರುವಂತಿಲ್ಲ. ಆದುದರಿಂದ ಶಾಲೆಯ ಜೊತೆಗೆ ವಿದ್ಯಾರ್ಥಿನಿಲಯವೂ ಬೇಕಾಯಿತು. ವಿದ್ಯಾರ್ಥಿನಿಲಯ ಬಂದೊಡನೆ ಮತ್ತೊಂದು ಸಂದಿಗ್ಧ ಹುಟ್ಟಿತು. ತಾಯಿತಂದೆಗಳಿಂದಲೂ ಕಾಡಿನಿಂದಲೂ ದೂರವಾಗಿ ಬೆಳೆದ ಮಗು ಅಕ್ಷರವನ್ನೇನೋ ಕಲಿಯಿತು; ಆದರೆ ಅಜ್ಜನ ಜೊತೆ ಜೇನುಬಂಡೆಗೆ ಹೋಗಿ ಕಲಿಯಬೇಕಾಗಿದ್ದುದನ್ನು ಯಾವಾಗ ಕಲಿಯಬೇಕು? ಕೆನಡ, ಆಸ್ಟ್ರೇಲಿಯಗಳಂತಹ ದೇಶಗಳಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬಲವಂತವಾಗಿ ಬೇರ್ಪಡಿಸಿ ವಸತಿಶಾಲೆಗಳಲ್ಲಿಯೂ ಆಶ್ರಮಗಳಲ್ಲಿಯೂ ಇರಿಸಿ, ಅವರ ನುಡಿಯನ್ನೇ ಮರೆಯಿಸಿದ ದುಃಖದ ಇತಿಹಾಸವಿದೆ. ಆ ತಪ್ಪಿಗಾಗಿ 2008ರಲ್ಲಿ ಎರಡು ದೇಶಗಳ ಪ್ರಧಾನಮಂತ್ರಿಗಳೂ ತಮ್ಮ ಸಂಸತ್ತುಗಳಲ್ಲಿ ಕ್ಷಮೆ ಕೇಳಿದರು. ಬಿಳಿಗಿರಿಯಲ್ಲಿ ಬಲವಂತವಿರಲಿಲ್ಲ. ಆದರೆ ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸದಲ್ಲಿಯೂ ನಷ್ಟವಾಗಬಹುದೆಂಬ ಎಚ್ಚರ ಅಲ್ಲಿ ದುಡಿಯುವವರಿಗೆ ಅವಶ್ಯವಾಗಿತ್ತು. ಸೋಲಿಗರ ಹಾಡು, ಗೊರುಕನ ಕುಣಿತ, ರಾಗಿಯ ಹೊಸ ಬೆಳೆ ಬಂದಾಗ ಆಚರಿಸುವ ರೊಟ್ಟಿಹಬ್ಬ, ಮೂಲಿಕೆಗಳ ಪರಿಚಯ ಇವೆಲ್ಲ ಶಾಲೆಯ ಆವರಣಕ್ಕೂ ಬರಬೇಕಾದುದು ಈ ಕಾರಣದಿಂದಲೇ. ಅಕ್ಷರದ ಜೊತೆಗೆ ಕೈಕಸುಬಿನ ಶಿಕ್ಷಣವೂ ಸೇರಿಕೊಂಡಿತು.

ವೈದ್ಯರಿಗೂ ಕಲಿಯಬೇಕಾದುದು ಇತ್ತು. ಸೋಲಿಗರ ಸೂಲಗಿತ್ತಿಯರು ಬಸುರಿಯನ್ನು ಕುಕ್ಕರಗಾಲಿನಲ್ಲಿ ಕೂರಿಸಿ ಹೆರಿಗೆ ಮಾಡಿಸುತ್ತಿದ್ದರು. ವೈದ್ಯಕೀಯ ಕಾಲೇಜಿನ ಪುಸ್ತಕಗಳು ಹೇಳಿಕೊಟ್ಟಿದ್ದುದು ಮಂಚದ ಮೇಲೆ ಮಲಗಿಸುವ ಕ್ರಮವನ್ನು. ಯೋಚಿಸಿ ನೋಡಿದರೆ ಭೂಮಿಯ ಸೆಳೆತವು ಸೂಲಗಿತ್ತಿಯ ಕಡೆಗಿದೆ. ಆದುದರಿಂದ ಹಳೆಯ ಕ್ರಮವನ್ನು ಹಳಿಯದೆ, ಶುಚಿತ್ವವನ್ನೂ ಅಪಾಯದ ಲಕ್ಷಣಗಳನ್ನೂ ಸೂಲಗಿತ್ತಿಯರಿಗೆ ತಿಳಿಸಿಕೊಡುವುದೇ ವಿವೇಕವೆನಿಸಿತು. ಇನ್ನು ಕೆಲವು ಸಂಗತಿಗಳಲ್ಲಿ ಕಾಡಿನ ಅನುಭವ ಸಾಲದೆ ಪ್ರಯೋಗಾಲಯದ ನೆರವು ಬೇಕಾಯಿತು. ಸೋಲಿಗರಲ್ಲಿ ಕೆಲವರನ್ನು ಕಾಡುವ ಒಂದು ಬಗೆಯ ರಕ್ತಹೀನತೆ ತಾಯಿತಂದೆಗಳಿಂದ ಮಕ್ಕಳಿಗೆ ಬರುವಂಥದು. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಕೀಲುಗಳಲ್ಲಿ ತಡೆಯಲಾರದ ನೋವನ್ನುಂಟುಮಾಡುತ್ತವೆ. ತಾಯಿತಂದೆಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದ ಮಗುವಿಗೆ ರೋಗ ತಗಲುವುದಿಲ್ಲ. ಮಲೇರಿಯದಿಂದ ಅಷ್ಟಿಷ್ಟು ರಕ್ಷಣೆಯೇ ದೊರೆಯುತ್ತದೆ. ಇಬ್ಬರಿಂದಲೂ ಬಂದರೆ ಮಾತ್ರ ವಿಪತ್ತು. ಇದು ದೇವರ ಶಾಪವಲ್ಲ, ರಕ್ತದ ಗುಣ ಎಂಬುದನ್ನು ಹೊರಗಿನ ವೈದ್ಯರು ಹೇಳುವುದಕ್ಕಿಂತ ಪೋಡಿನ ಮಗಳೊಬ್ಬಳು ದಾದಿಯಾಗಿ ಬಂದು ತಮ್ಮ ನುಡಿಯಲ್ಲಿ ಹೇಳಿದರೆ ಮನೆಯವರಿಗೆ ಚೆನ್ನಾಗಿ ತಿಳಿಯುತ್ತದೆ. ಗಿರಿಜನ ತರುಣಿಯರಿಗೆ ದಾದಿಯರ ತರಬೇತಿಯನ್ನು ಕೊಡುವ ಏರ್ಪಾಡು ಆದುದರ ಹಿಂದೆ ಈ ವಿಚಾರವೂ ಇತ್ತು.

ಕಲಿತ ಮಕ್ಕಳು ಬೆಳೆದು ದೊಡ್ಡವರಾಗುತ್ತಿದ್ದ ಕಾಲದಲ್ಲಿಯೇ ಬೆಟ್ಟದ ಸುತ್ತ ಅಂಜಿಕೆಯ ದಿನಗಳೂ ಬಂದವು. ಕಾಡುಗಳ್ಳ ವೀರಪ್ಪನ್ ಮಲೆಯ ಮಹದೇಶ್ವರ ಬೆಟ್ಟದಿಂದ ಮೊದಲ್ಗೊಂಡು ಈ ಕಾಡುಗಳಲ್ಲೆಲ್ಲ ಅಡಗಿ ತಿರುಗುತ್ತಿದ್ದನು. ಕಾಡಿನ ಜನ ಒಂದು ಕಡೆ ಅವನಿಗೂ ಇನ್ನೊಂದು ಕಡೆ ಅವನನ್ನು ಅರಸುತ್ತಿದ್ದ ಪೊಲೀಸರಿಗೂ ಅಂಜಬೇಕಾಯಿತು. ನಿರಪರಾಧಿಗಳು ಹಿಂಸೆಗೆ ಒಳಗಾದರೆಂಬ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಮುಖಂಡತ್ವದಲ್ಲಿ ಸಮಿತಿಯನ್ನು ನೇಮಿಸಿತು. 2004ರಲ್ಲಿ ವೀರಪ್ಪನ್ ಹತನಾದನು.

ಅದಕ್ಕಿಂತ ಬಹುಕಾಲ ಉಳಿಯುವ ಪ್ರಶ್ನೆ ಕಾಡಿನದು. ಕಾಡು ಯಾರದು, ಅದನ್ನು ಬಲ್ಲವರು ಯಾರು ಎಂಬ ವಿಷಯದಲ್ಲಿ ಸೋಲಿಗರಿಗೆ ತಮ್ಮದೇ ಆದ ಅಭಿಪ್ರಾಯವಿದೆ. ಹಿಂದೆ ಅವರು ವರ್ಷದ ಮೊದಲ ತಿಂಗಳುಗಳಲ್ಲಿ ಒಣಗಿದ ತರಗೆಲೆಗೆ ಸಣ್ಣದಾಗಿ ಬೆಂಕಿ ಹಚ್ಚುತ್ತಿದ್ದರು. ಇದನ್ನು ತರಗು ಬೆಂಕಿ ಎನ್ನುತ್ತಾರೆ. ಅದು ನೆಲದ ಕಸವನ್ನು ಸುಡುವುದೇ ಹೊರತು ಮರವನ್ನು ಸುಡುವಷ್ಟು ಮೇಲೇರುವುದಿಲ್ಲ. ವನ್ಯಜೀವಿಧಾಮವಾದ ಮೇಲೆ ಬೆಂಕಿ ನಿಂತಿತು. ಕ್ರಮೇಣ ನೆಲ್ಲಿಯ ಮರಗಳ ಮೇಲೆ ಉಪ್ಪಿಲು ಎಂಬ ಬದನಿಕೆಯ ಗಿಡ ಹೆಚ್ಚಿತು. ಕಾಡಿನ ತಳವನ್ನೆಲ್ಲ ಲಂಟಾನ ಆವರಿಸಿತು. ತರಗು ಬೆಂಕಿ ನಿಂತುದರಿಂದಲೇ ಹೀಗಾಯಿತೆಂದು ಹಿರಿಯ ಸೋಲಿಗರು ಹೇಳುತ್ತಾರೆ. ಮೊದಲು ಈ ಮಾತಿಗೆ ಯಾರೂ ಕಿವಿಗೊಡಲಿಲ್ಲ. 1990ರ ದಶಕದಿಂದ ಬೆಟ್ಟದಲ್ಲಿ ಸಂಶೋಧನೆ ನಡೆಸಿದ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಸೋಲಿಗರೊಡನೆ ಕಾಡನ್ನು ಸುತ್ತಿ, ಮರಗಳನ್ನು ಎಣಿಸಿ, ಫಲದ ಅಳತೆಯನ್ನು ಬರೆದಿಟ್ಟು ನೋಡಿದಾಗ, ಈ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲವೆಂದು ಕಂಡಿತು. ಬರೆದಿಡುವ ಕೆಲಸಕ್ಕೆ ಮುಂದಾದವರಲ್ಲಿ ಶಾಲೆಯಲ್ಲಿ ಓದು ಕಲಿತ ಸೋಲಿಗ ತರುಣರೂ ಇದ್ದರು. ಅಜ್ಜಂದಿರು ಬೆರಳು ತೋರಿಸಿ ಹೇಳಿದುದನ್ನು ಮೊಮ್ಮಕ್ಕಳು ಕಾಗದಕ್ಕೆ ಇಳಿಸಿದರು.

ಈ ಕೆಲಸವು ಎಷ್ಟು ಬೆಲೆಯುಳ್ಳದ್ದೆಂಬುದು ಕೆಲವು ವರ್ಷಗಳಲ್ಲಿಯೇ ತಿಳಿದುಬಂದಿತು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಬಳಿಕ, ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನು ಬೆಟ್ಟದಲ್ಲಿ ತಡೆಯಲಾಯಿತು. ಜೇನು, ನೆಲ್ಲಿ, ಪಾಚಿಗಳಿಂದ ಬರುತ್ತಿದ್ದ ಆದಾಯ ನಿಂತು, ಎಷ್ಟೋ ಕುಟುಂಬಗಳವರು ಕಾಫಿ ತೋಟಗಳಿಗೆ ಕೂಲಿಗೆ ಹೋಗಬೇಕಾಯಿತು. 2006ರಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ತಲೆಮಾರುಗಳಿಂದ ಕಾಡನ್ನು ಅವಲಂಬಿಸಿದವರು ತಮ್ಮ ಹಕ್ಕನ್ನು ಗ್ರಾಮಸಭೆಯ ಮೂಲಕ ಸ್ಥಾಪಿಸಿಕೊಳ್ಳಬಹುದೆಂದು ಆ ಕಾಯಿದೆ ಹೇಳಿತು. ಆದರೆ ಸ್ಥಾಪಿಸುವುದು ಹೇಗೆ? ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆಯುಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಅಬ್ಬಿ, ಕಲ್ಲುಗುಡಿ ಎಂಬ ಪವಿತ್ರ ತಾಣಗಳುಂಟು. ಇವೆಲ್ಲ ಹಿರಿಯರ ನೆನಪಿನಲ್ಲಿದ್ದುವೇ ಹೊರತು ಯಾವ ಭೂಪಟದಲ್ಲಿಯೂ ಇರಲಿಲ್ಲ. ತರುಣರು ಹಿರಿಯರನ್ನು ಮುಂದಿಟ್ಟುಕೊಂಡು ಕಾಡಿನಲ್ಲಿ ನಡೆದರು. ಉಪಗ್ರಹದ ನೆರವಿನಿಂದ ಸ್ಥಳವನ್ನು ಗುರುತಿಸುವ ಕೈಯಂತ್ರವನ್ನು ಹಿಡಿದು ಒಂದೊಂದು ಕಲ್ಲಿನ ಬಳಿಯೂ ಒಂದೊಂದು ಮರದ ಬಳಿಯೂ ನಿಂತು ಗುರುತು ಹಾಕಿದರು. ಹೀಗೆ ನೂರಾರು ತಾಣಗಳು ಭೂಪಟಕ್ಕೆ ಬಂದವು.

2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಗಾಗಿ ವನ್ಯಜೀವಿಧಾಮವಾಯಿತು. ಹುಲಿಯ ಹೆಸರು ಬಂದೊಡನೆ ತಮ್ಮನ್ನು ಕಾಡಿನಿಂದ ಹೊರಡಿಸುವರೆಂಬ ಭೀತಿ ಪೋಡುಗಳಲ್ಲಿ ಹಬ್ಬಿತು. ಆದರೆ ಅರ್ಜಿಗಳೂ ಭೂಪಟಗಳೂ ಅಷ್ಟರಲ್ಲಿ ಸಿದ್ಧವಾಗಿದ್ದವು. ಆ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂತಹ ಹಕ್ಕು ಮಾನ್ಯವಾದುದು ದೇಶದಲ್ಲಿ ಅದೇ ಮೊದಲು. ಹೆಬ್ಬೆಟ್ಟೊತ್ತುತ್ತಿದ್ದವರ ಮಕ್ಕಳು ಕಾಯಿದೆಯನ್ನು ಓದಿ, ಅರ್ಜಿಯನ್ನು ತಾವೇ ಬರೆದು, ಅಧಿಕಾರಿಗಳ ಮುಂದೆ ನಿಂತು ಮಾತನಾಡಿದುದು ಆ ಹೋರಾಟದ ವಿಶೇಷ. ಅವರಲ್ಲಿ ಪ್ರಮುಖರಾದ ಸಿ. ಮಾದೇಗೌಡರು ಸೋಲಿಗ ಸಮುದಾಯದಲ್ಲಿ ಹುಟ್ಟಿ ಡಾಕ್ಟರೇಟ್ ಪದವಿಯನ್ನು ಪಡೆದವರು.

ಸುದರ್ಶನರಿಗೂ ಕೇಂದ್ರಕ್ಕೂ 1994ರಲ್ಲಿ ಸ್ವೀಡನ್ನಿನಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. 2000ದಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅವರು 1986ರಲ್ಲಿ ಆರಂಭಿಸಿದ ಕರುಣಾ ಟ್ರಸ್ಟ್ ಮೊದಲು ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ನಿವಾರಣೆಗೆ ದುಡಿಯಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆ ಹೊತ್ತ ಅದು, ಮುಂದೆ ದೇಶದ ಈಶಾನ್ಯದ ತುದಿಯಲ್ಲಿರುವ ಅರುಣಾಚಲ ಪ್ರದೇಶದ ಗಿರಿಜನರ ನಡುವೆಯೂ ಅಂತಹ ಕೇಂದ್ರಗಳನ್ನು ನಡೆಸಿತು. ಅಲ್ಲಿಗೆ ಹೋದ ತರುಣ ವೈದ್ಯರಿಗೆ ಕಣಿವೆಗಳೂ ನುಡಿಗಳೂ ಹೊಸವು. ನದಿ ಉಕ್ಕಿ, ಗುಡ್ಡ ಕುಸಿದು, ವಾರಗಟ್ಟಲೆ ದಾರಿ ಮುಚ್ಚುವ ಆ ನಾಡಿನಲ್ಲಿ ಔಷಧವನ್ನು ಹೊತ್ತು ನಡೆಯುವುದೇ ಒಂದು ಕೆಲಸ.

ಬಿಳಿಗಿರಿಯಲ್ಲಿ ಎಲ್ಲವೂ ಸರಿಯಾಯಿತೆಂದು ಹೇಳುವಂತಿಲ್ಲ. ಹಕ್ಕುಪತ್ರ ದೊರೆತರೂ ಲಂಟಾನ ತೊಲಗಲಿಲ್ಲ. ಹತ್ತನೆಯ ತರಗತಿಯನ್ನು ಮುಗಿಸಿದ ಎಲ್ಲರಿಗೂ ಉದ್ಯೋಗ ದೊರೆಯಲಿಲ್ಲ. ಓದಿದ ಹುಡುಗನಿಗೆ ಜೇನುಬಂಡೆಯನ್ನು ಏರಲು ಬಾರದು, ಏರಬಲ್ಲವನಿಗೆ ಅರ್ಜಿ ಬರೆಯಲು ಬಾರದು ಎಂಬ ಹಿರಿಯರ ಕೊರಗೂ ಉಂಟು. ಇವೆರಡನ್ನೂ ಬಲ್ಲವರು ಪೋಡುಗಳಲ್ಲಿ ಕೆಲವರಿದ್ದಾರೆ. ಹೊರಗಿನ ತರುಣರು ಬಂದು ಪಾಠ ಹೇಳುತ್ತಿದ್ದ ಎಡೆಯಲ್ಲಿ ಸೋಲಿಗರೇ ಉಪಾಧ್ಯಾಯರಾಗಿ, ದಾದಿಯರಾಗಿ ನಿಂತಿದ್ದಾರೆ. ಅವರ ಮುಂದೆ ಕುಳಿತ ಮಗುವಿಗೆ ಅರ್ಥವಾಗದೆ ತಲೆಯಾಡಿಸಿದರೆ, ಅದು ಬರಿಯ ತಲೆಯಾಟವೆಂದು ಅವರಿಗೆ ತಿಳಿಯುತ್ತದೆ. ಅವರು ಪುಸ್ತಕವನ್ನು ಬದಿಗಿಟ್ಟು, ಪೋಡಿನ ಮಾತಿನಲ್ಲಿ ಆ ಪಾಠವನ್ನು ಮೊದಲಿನಿಂದ ಹೇಳುತ್ತಾರೆ.